ಉಚ್ಚವೋ, ಉಚ್ಛವೋ? ಹೊಟ್ಟೆ ಸೀಳಿದ ಮಾತ್ರಕ್ಕೆ ಅಕ್ಷರ ಶುದ್ಧವಾಗದು

ಪ್ರಶ್ನೆ: ‘ಉಚ್ಚ’ ಸರಿಯೋ ‘ಉಚ್ಛ’ ಸರಿಯೋ? ಮಹಾಪ್ರಾಣವಿರುವ ರೂಪವೇ ಹೆಚ್ಚು ಶುದ್ಧವಲ್ಲವೇ?

ಉತ್ತರ: ‘ಉಚ್ಚ’ ಸರಿ. ಉಚ್ಚ ನ್ಯಾಯಾಲಯ, ಉಚ್ಚಾರಣೆ, ಉಚ್ಚಾಟನೆ ಎಲ್ಲವೂ ಅಲ್ಪಪ್ರಾಣದವೇ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ಪದ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ ಇರುತ್ತದೆ. ಆದ್ದರಿಂದ ಈ ಬಾರಿ ಪ್ರಶ್ನೆಯ ಎರಡನೆಯ ವಾಕ್ಯವನ್ನೇ ಹಿಡಿದುಕೊಳ್ಳುತ್ತೇನೆ, ಏಕೆಂದರೆ ಎಲ್ಲ ತಪ್ಪುಗಳ ಬೇರು ಅಲ್ಲಿದೆ.

ಕಳೆದ ವರ್ಷ ಒಂದು ಶಾಲೆಯ ವಾರ್ಷಿಕೋತ್ಸವದ ಫ್ಲೆಕ್ಸ್ ಮಾಡಿಸಲು ಹೋಗಿದ್ದಾಗ, ಅಂಗಡಿಯ ಹುಡುಗ ‘ವಿಧ್ಯಾರ್ಥಿಗಳು’ ಎಂದು ಕೂರಿಸಿದ. ತಪ್ಪು ತೋರಿಸಿದ್ದಕ್ಕೆ, “ಇರ್ಲಿ ಬಿಡಿ ಸಾರ್, ಹೊಟ್ಟೆ ಸೀಳಿದ್ರೆ ಪದಕ್ಕೊಂದು ತೂಕ ಬರುತ್ತೆ” ಎಂದ. ಅವನನ್ನು ಬೈಯುವ ಮನಸ್ಸಾಗಲಿಲ್ಲ, ಏಕೆಂದರೆ ಓದಿದವರ ಮನಸ್ಸಿನಲ್ಲಿಯೂ ಇರುವ ನಂಬಿಕೆಯನ್ನೇ ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದ. ಮಹಾಪ್ರಾಣವೆಂದರೆ ಸಂಸ್ಕೃತ, ಸಂಸ್ಕೃತವೆಂದರೆ ಗೌರವ, ಆದ್ದರಿಂದ ಅನುಮಾನ ಬಂದಲ್ಲೆಲ್ಲ ಒಂದು ಸೀಳು ಹಾಕಿಬಿಟ್ಟರೆ ಕ್ಷೇಮ ಎಂಬುದು ಆ ನಂಬಿಕೆ.

ಈ ನಂಬಿಕೆಯನ್ನು ಮೊದಲು ಸುಳ್ಳು ಮಾಡುವುದೇ ಸಂಸ್ಕೃತ. ‘ವಿದ್ಯಾ’, ‘ಉದ್ಯಾನ’, ‘ಶಿಬಿರ’ ಇವೆಲ್ಲ ಸಂಸ್ಕೃತದಲ್ಲಿಯೇ ಅಲ್ಪಪ್ರಾಣದಿಂದ ಬರೆಯುವ ಪದಗಳು. ‘ಉಚಿತ ಆರೋಗ್ಯ ಶಿಭಿರ’ ಎಂದು ಬರೆದವರು ಸಂಸ್ಕೃತಕ್ಕೆ ಹತ್ತಿರವಾಗಲಿಲ್ಲ, ಕನ್ನಡದಿಂದಲೂ ದೂರವಾದರು. ‘ಉಚ್ಚ’ದ ಕತೆಯೂ ಇದೇ. ‘ಉತ್’ ಉಪಸರ್ಗದ ಮುಂದೆ ಚಕಾರ ಬಂದರೆ ತಕಾರವೂ ಚಕಾರವಾಗುತ್ತದೆ. ಉತ್ ಮತ್ತು ಚಾರ ಸೇರಿ ಉಚ್ಚಾರವಾಗುವುದು ಹಾಗೆ. ಮುಂದೆ ಶಕಾರವಿದ್ದರೆ ಮಾತ್ರ ಆ ಶಕಾರ ಛಕಾರವಾಗುತ್ತದೆ. ಉತ್ ಮತ್ತು ಶ್ವಾಸ ಸೇರಿ ಉಚ್ಛ್ವಾಸವಾಗುವುದು ಹೀಗೆ. ಉಚ್ಚಾರದಲ್ಲಿ ಶಕಾರವೇ ಇಲ್ಲದಿರುವಾಗ ಛಕಾರಕ್ಕೆ ಅಲ್ಲೇನು ಕೆಲಸ? ‘ಸ್ವಚ್ಛ’, ‘ಇಚ್ಛೆ’ ಕಣ್ಣಿಗೆ ಬಿದ್ದು ಬಿದ್ದು ‘ಉಚ್ಚ’ಕ್ಕೂ ಅದೇ ಅಂಗಿ ತೊಡಿಸಿದ್ದೇವೆ, ಅಷ್ಟೇ.

ಎರಡನೆಯದಾಗಿ, ಕನ್ನಡ ತನ್ನ ಬಾಯಿಗೆ ಒಗ್ಗಿಸಿಕೊಂಡ ಪದಗಳನ್ನು ನೋಡಿ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ತದ್ಭವಗಳಿಗೆಂದೇ ಒಂದು ಅಪಭ್ರಂಶ ಪ್ರಕರಣವನ್ನು ಮೀಸಲಿಟ್ಟ. ಮಹಾಪ್ರಾಣ ಕಳಚಿ ಅಲ್ಪಪ್ರಾಣವಾಗುವುದು ತದ್ಭವಗಳಲ್ಲಿ ತೀರಾ ಸಾಮಾನ್ಯ. ಘೂಕ ಗೂಗೆಯಾಯಿತು, ಘಂಟಾ ಗಂಟೆಯಾಯಿತು. ‘ಘಂಟಾನಾದ’ ಎಂದು ಬರೆಯಿರಿ, ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ‘ಬೆಳಿಗ್ಗೆ 10 ಘಂಟೆಗೆ’ ಎಂದು ಅಚ್ಚು ಹಾಕಿಸಿದರೆ ಅದರಲ್ಲಿ ಮೊದಲಕ್ಷರ ಸಂಸ್ಕೃತದ್ದು, ಕೊನೆಯಕ್ಷರ ಕನ್ನಡದ್ದು. ಪಂಚೆಯ ಮೇಲೆ ಟೈ ಕಟ್ಟಿದಂತೆ.

ಕನ್ನಡದಲ್ಲಿ ಮಹಾಪ್ರಾಣಗಳು ಒಟ್ಟು 10, ಅವು ಬರುವುದು ಹೆಚ್ಚಾಗಿ ಹೊರಗಿನಿಂದ ಬಂದ ಪದಗಳಲ್ಲಿ. ದಿನದ ಮಾತಿನಲ್ಲಿ ನಮ್ಮಲ್ಲಿ ಹೆಚ್ಚಿನವರು ಅವನ್ನು ಉಚ್ಚರಿಸುವುದೂ ಇಲ್ಲ. ಕಿವಿ ನೆರವಿಗೆ ಬಾರದ ಕಾರಣ ಕಣ್ಣಿನ ನೆನಪಿನಿಂದಲೇ ಬರೆಯಬೇಕಾಗುತ್ತದೆ. ಮೇಲಾಗಿ, ಕನ್ನಡ ಟೈಪಿಸಲು ಬಳಸುವ ‘ನುಡಿ’ ತಂತ್ರಾಂಶದಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದೇ ಒಂದು ಶಿಫ್ಟ್ ಕೀಲಿ. ಹೀಗಾಗಿ ಬೇಡದ ಕಡೆ ಬಂದ ಮಹಾಪ್ರಾಣ ಬೇಕಾದ ಕಡೆ ಮಾಯವಾಗುತ್ತದೆ: ಅದ್ಯಕ್ಷರು, ಉದ್ಗಾಟನೆ, ಶ್ರದ್ದಾಂಜಲಿ. ‘ಸಹಾಯದನ ವಿತರಣೆ’ ಎಂಬ ಫಲಕವನ್ನು ನಾನೇ ಕಂಡಿದ್ದೇನೆ. ಆ ದಿನ ಹಗ್ಗ ಹಿಡಿದು ಹೋದವರ ಪಾಡೇನಾಯಿತೋ! ‘ಮಧ್ಯಪಾನ ನಿಷೇಧಿಸಲಾಗಿದೆ’ ಎಂಬ ಗೋಡೆಬರಹವನ್ನು ಕಂಡವನು, ಮಧ್ಯದಲ್ಲಿ ತಾನೇ ಕುಡಿಯಬಾರದು, ಮೊದಲು ಮತ್ತು ಕೊನೆಯಲ್ಲಿ ಕುಡಿಯಬಹುದಲ್ಲ ಎಂದು ವಾದಿಸಿದರೆ ವ್ಯಾಕರಣ ಅವನ ಕಡೆಗಿದೆ. ಅಮಲಿನ ಪಾನೀಯ ‘ಮದ್ಯ’, ನಡುವಿನದು ‘ಮಧ್ಯ’.

ಒತ್ತಕ್ಷರಗಳ ವಿಷಯದಲ್ಲಿ ಒಂದು ನಿಯಮ ನೆನಪಿದ್ದರೆ ಅರ್ಧ ತೊಂದರೆ ತಪ್ಪುತ್ತದೆ: ಒಂದೇ ಜೋಡಿಯ ಅಲ್ಪಪ್ರಾಣ, ಮಹಾಪ್ರಾಣಗಳು ಕೂಡಿ ಬಂದಾಗ ಅಲ್ಪಪ್ರಾಣ ಮೇಲೆ, ಮಹಾಪ್ರಾಣ ಒತ್ತಿನಲ್ಲಿ. ಸಿದ್ಧ, ಬುದ್ಧಿ, ಪ್ರಸಿದ್ಧ. ‘ಪ್ರಸಿಧ್ದ’ ಎಂಬ ಪದ ಯಾವ ಭಾಷೆಯಲ್ಲಿಯೂ ಇಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು. ಹೊಸ ಮನೆ ಕಟ್ಟಿದವರು ‘ಗ್ರಹಪ್ರವೇಶ’ಕ್ಕೆ ಕರೆಯುತ್ತಿದ್ದಾರೆ. 2014ರಲ್ಲಿ ನಮ್ಮ ಮಂಗಳಯಾನ ಕೂಡ ಗ್ರಹದ ಕಕ್ಷೆಯನ್ನು ಸೇರಿತೇ ಹೊರತು ಗ್ರಹವನ್ನು ಪ್ರವೇಶಿಸಲಿಲ್ಲ. ಮನೆ ಎಂಬರ್ಥದ ಪದ ‘ಗೃಹ’. ನಾವು ಋಕಾರವನ್ನು ‘ರು’ ಎಂದೇ ಉಚ್ಚರಿಸುವುದರಿಂದ ಕೃಷಿಯನ್ನು ‘ಕ್ರುಷಿ’ ಎನ್ನುವುದೂ ಗೃಹವನ್ನು ‘ಗ್ರಹ’ ಎನ್ನುವುದೂ ನಡೆದಿದೆ. ‘ಗೃಹಿಣಿ’, ‘ಗೃಹಸ್ಥ’ ಎಂದು ಸರಿಯಾಗಿ ಬರೆಯುವವರೂ ಆಮಂತ್ರಣ ಪತ್ರಿಕೆಯಲ್ಲಿ ಎಡವುತ್ತಾರೆ. ನುಡಿಯಲ್ಲಿ ಗಕಾರದ ನಂತರ ಶಿಫ್ಟ್ ಹಿಡಿದು ಆರ್ ಒತ್ತಿದರೆ ‘ಗೃ’, ಎಫ್ ಒತ್ತಿ ಬಳಿಕ ಆರ್ ಒತ್ತಿದರೆ ‘ಗ್ರ’. ಪತ್ರಿಕೆಯನ್ನು ಅಚ್ಚಿಗೆ ಕೊಡುವವರು ಆ ಒಂದು ಪದವನ್ನು ಕೂರಿಸುವಷ್ಟು ಹೊತ್ತಾದರೂ ಅಂಗಡಿಯವನ ಪಕ್ಕದಲ್ಲಿ ನಿಂತಿರಬೇಕು.