ಪದ ಪರಿಚಯ: ಜೈಲ್ ಬುಕಿಂಗ್

ಅಮೆರಿಕದಲ್ಲಿ ಪೊಲೀಸರು ಒಬ್ಬರನ್ನು ಹಿಡಿದು ಜೈಲಿಗೆ ತಂದಾಗ, ಜೈಲಿನವರು ಅವರನ್ನು ದಾಖಲು ಮಾಡಿಕೊಳ್ಳುವ ಕೆಲಸಕ್ಕೆ ಬುಕಿಂಗ್ ಅಂತಾರೆ. ಹೆಸರು, ಹುಟ್ಟಿದ ದಿನ, ಬೆರಳಚ್ಚು, ಫೋಟೊ, ಮೈಮೇಲೆ ಮತ್ತು ಜೇಬಿನಲ್ಲಿದ್ದ ವಸ್ತುಗಳ ಪಟ್ಟಿ, ಆರೋಗ್ಯದ ಬಗ್ಗೆ ನಾಲ್ಕು ಪ್ರಶ್ನೆ, ಹೊರಿಸಿರುವ ಆರೋಪ, ಕೊನೆಗೆ ಒಂದು ಬುಕಿಂಗ್ ನಂಬರು. ಅಷ್ಟೇ. ಈ ಮನುಷ್ಯ ತಪ್ಪು ಮಾಡಿದ್ದಾನೆ ಎಂದು ಅಲ್ಲಿ ಯಾರೂ ತೀರ್ಮಾನ ಮಾಡಿರುವುದಿಲ್ಲ.

ಎಷ್ಟು ಸಣ್ಣ ವಿಷಯಕ್ಕೆ ಬುಕಿಂಗ್ ಆಗಬಹುದು ಎನ್ನುವುದಕ್ಕೆ ಟೆಕ್ಸಾಸಿನ ಲಾಗೋ ವಿಸ್ಟಾ ಎಂಬ ಚಿಕ್ಕ ಊರಿನ ಪ್ರಕರಣ ನೋಡಿ. 1997ರಲ್ಲಿ ಅಲ್ಲಿ ಒಬ್ಬ ತಾಯಿ ತನ್ನ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಗಾಡಿ ಓಡಿಸುತ್ತಿದ್ದರು. ಯಾರೂ ಸೀಟ್ ಬೆಲ್ಟ್ ಹಾಕಿರಲಿಲ್ಲ. ಪೊಲೀಸ್ ಅಧಿಕಾರಿ ಆಕೆಗೆ ಕೈಕೋಳ ಹಾಕಿ ಠಾಣೆಗೆ ಕರೆದೊಯ್ದ. ಅಲ್ಲಿ ಶೂ, ಒಡವೆ, ಕನ್ನಡಕ ಎಲ್ಲ ತೆಗೆಸಿದರು. ಜೇಬು ಖಾಲಿ ಮಾಡಿಸಿದರು. ಫೋಟೊ ಹಿಡಿದರು. ಸುಮಾರು ಒಂದು ಗಂಟೆ ಒಬ್ಬರನ್ನೇ ಸೆಲ್‌ನಲ್ಲಿ ಕೂರಿಸಿ, ಆಮೇಲೆ 310 ಡಾಲರ್ ಬಾಂಡ್ (ಜಾಮೀನು) ಮೇಲೆ ಬಿಟ್ಟರು. ಕೊನೆಗೆ ಆ ತಪ್ಪಿಗೆ ಬಿದ್ದ ದಂಡ 50 ಡಾಲರ್. ಇಂಥ ಅರೆಸ್ಟ್ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು. ಹಾಗಾಗಿ ಬುಕಿಂಗ್ ಪಟ್ಟಿಯಲ್ಲಿ ಒಂದು ಹೆಸರು ಕಂಡ ಕೂಡಲೇ ದೊಡ್ಡ ಅಪರಾಧ ಊಹಿಸಿಕೊಳ್ಳಬೇಡಿ.

ಇನ್ನು ಈ ದಾಖಲೆ ಇರುವುದೆಲ್ಲಿ? ಅಮೆರಿಕದ ಹೆಚ್ಚಿನ ಕಡೆ ಜೈಲು ಕೌಂಟಿಯದು. ಕೌಂಟಿ ಅಂದರೆ ರಾಜ್ಯದೊಳಗಿನ ಆಡಳಿತ ವಿಭಾಗ. ದೇಶದಲ್ಲಿ ಇಂಥವು 3,000ಕ್ಕೂ ಜಾಸ್ತಿ ಇವೆ, ಟೆಕ್ಸಾಸ್ ಒಂದರಲ್ಲೇ 254. ಜೈಲನ್ನು ಸಾಮಾನ್ಯವಾಗಿ ನೋಡಿಕೊಳ್ಳುವವರು ಜನ ಓಟು ಹಾಕಿ ಆರಿಸಿದ ಶೆರಿಫ್ ಎಂಬ ಕೌಂಟಿಯ ಪೊಲೀಸ್ ಮುಖ್ಯಸ್ಥ. ವಿಚಾರಣೆಗೆ ಕಾಯುತ್ತಿರುವವರು ಮತ್ತು ಸಣ್ಣ ಅವಧಿಯ ಶಿಕ್ಷೆ ಆದವರು ಜೈಲಿನಲ್ಲಿರುತ್ತಾರೆ. ವರ್ಷಗಟ್ಟಲೆ ಶಿಕ್ಷೆ ಆದವರು ಹೋಗುವುದು ಪ್ರಿಸನ್‌ಗೆ. ಅದು ರಾಜ್ಯದ್ದು ಅಥವಾ ಕೇಂದ್ರದ್ದು. ನಿನ್ನೆ ರಾತ್ರಿ ಸಿಕ್ಕಿಬಿದ್ದವರನ್ನು ಪ್ರಿಸನ್ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಈ ವ್ಯವಸ್ಥೆ ಎಲ್ಲ ರಾಜ್ಯಗಳಲ್ಲೂ ಒಂದೇ ಅಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಹಲವು ಕೌಂಟಿಗಳಿಗೆ ಸೇರಿ ಒಂದು ಪ್ರಾದೇಶಿಕ ಜೈಲು ಇರುತ್ತದೆ. ಕನೆಕ್ಟಿಕಟ್, ವರ್ಮಾಂಟ್‌ನಂಥ ರಾಜ್ಯಗಳಲ್ಲಿ ಕೌಂಟಿ ಜೈಲೇ ಇಲ್ಲ, ಎಲ್ಲ ರಾಜ್ಯದ ಕೈಯಲ್ಲೇ.

ಹಳ್ಳಿಗಾಡಿನ ಕೌಂಟಿ ಹೇಗಿರುತ್ತದೆ ಅಂತ ತಿಳಿಯಲು ಪಶ್ಚಿಮ ಟೆಕ್ಸಾಸಿನ ಹಡ್ಸ್‌ಪೆತ್ ಕೌಂಟಿ ನೋಡಬಹುದು. ವಿಸ್ತೀರ್ಣದಲ್ಲಿ ನಮ್ಮ ಕಲಬುರಗಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಜನ ಮಾತ್ರ 2020ರ ಜನಗಣತಿಯಲ್ಲಿ ಸುಮಾರು 3,200. ಅದರ ನಡುವೆ ಐ-10 ಹೆದ್ದಾರಿ ಹಾದುಹೋಗುತ್ತದೆ, ಸಿಯೆರಾ ಬ್ಲಾಂಕಾ ಎಂಬ ಊರಿನ ಹತ್ತಿರ ಗಡಿ ಕಾಯುವ ಬಾರ್ಡರ್ ಪಟ್ರೋಲ್‌ನ ತಪಾಸಣೆ ಠಾಣೆ ಇದೆ. ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಗಾಂಜಾ ಅಂಗಡಿಯಲ್ಲೇ ಮಾರುತ್ತಾರೆ, ಅಲ್ಲಿನ ಕಾನೂನು ಒಪ್ಪುತ್ತದೆ. ಟೆಕ್ಸಾಸಿನಲ್ಲಿ ಅದು ಅಪರಾಧ. ಈ ದಾರಿಯಲ್ಲಿ ಎಷ್ಟೋ ಪ್ರಯಾಣಿಕರು ಸಿಕ್ಕಿಬಿದ್ದಿದ್ದಾರೆ. ಹೆಸರಾಂತ ಗಾಯಕ ವಿಲ್ಲಿ ನೆಲ್ಸನ್ 2010ರಲ್ಲಿ ಅರೆಸ್ಟ್ ಆದದ್ದೂ ಇಲ್ಲೇ. ಅಂದರೆ ಇಂಥ ಕೌಂಟಿಯ ಜೈಲಿನಲ್ಲಿ ಆ ಊರಿನ ಪರಿಚಯವೇ ಇಲ್ಲದ, ಎಲ್ಲಿಗೋ ಹೊರಟಿದ್ದ ಜನ ಇರುತ್ತಾರೆ. ಡಲ್ಲಾಸಿನಿಂದ ಕಾರಿನಲ್ಲಿ ಸುತ್ತಾಡಲು ಹೊರಟ ನಮ್ಮ ಹುಡುಗರೂ ಅವರಲ್ಲಿ ಒಬ್ಬರಾಗಬಹುದು.

ಹಾಗಾಗಿ ಸಿಕ್ಕಿಬಿದ್ದ ತಮ್ಮವರನ್ನು ಹುಡುಕುವವರಿಗೆ ಮೊದಲು ಬೇಕಾಗಿರುವುದು ಜಾಗ. ಹಿಡಿದವರು ಊರಿನ ಪೊಲೀಸರಾಗಿರಲಿ, ಹೆದ್ದಾರಿಯ ರಾಜ್ಯ ಪೊಲೀಸರಾಗಿರಲಿ, ಸಾಮಾನ್ಯವಾಗಿ ಒಯ್ಯುವುದು ಆ ಜಾಗದ ಕೌಂಟಿ ಜೈಲಿಗೆ. ಕೊನೆಯ ಮೆಸೇಜ್ ಯಾವ ಊರಿನ ಹತ್ತಿರದಿಂದ ಬಂತು, ಮೊಬೈಲ್ ಲೊಕೇಶನ್ ಎಲ್ಲಿ ತೋರಿಸುತ್ತಿದೆ ಎನ್ನುವುದರಿಂದ ಕೌಂಟಿ ಗೊತ್ತಾಗುತ್ತದೆ. ನಂತರ ಆ ಕೌಂಟಿಯ ಶೆರಿಫ್ ಕಚೇರಿಯ ಅಧಿಕೃತ ಪುಟದಲ್ಲಿ ಜೈಲ್ ರೋಸ್ಟರ್ (ಜೈಲಿನಲ್ಲಿ ಇರುವವರ ಪಟ್ಟಿ) ಅಥವಾ ಇನ್‌ಮೇಟ್ ಸರ್ಚ್ ಇದೆಯಾ ನೋಡಿ. ಚಿಕ್ಕ ಕೌಂಟಿಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಆಗ ಫೋನೇ ಗತಿ. ಕೆಲವು ಕೌಂಟಿಗಳಿಗೆ ಜೈಲೇ ಇರುವುದಿಲ್ಲ, ಪಕ್ಕದ ಕೌಂಟಿಗೆ ದುಡ್ಡು ಕೊಟ್ಟು ಅಲ್ಲಿ ಇರಿಸುತ್ತಾರೆ. ಇದನ್ನೂ ಫೋನಿನಲ್ಲೇ ಕೇಳಬೇಕು.

ಫೋನ್ ಮಾಡಿದಾಗ ಪೂರ್ತಿ ಹೆಸರು, ಹುಟ್ಟಿದ ದಿನ ಕೈಯಲ್ಲಿರಲಿ. ಅಮೆರಿಕದಲ್ಲಿ ತಿಂಗಳು ಮೊದಲು, ದಿನ ಆಮೇಲೆ ಹೇಳಬೇಕು. ಕೇಳಬೇಕಾದದ್ದು ಇಷ್ಟು: ಇವರು ನಿಮ್ಮ ಹತ್ತಿರ ಇದ್ದಾರಾ, ಆರೋಪ ಏನು, ಬಾಂಡ್ ಎಷ್ಟು, ಜಡ್ಜ್ ಮುಂದೆ ಯಾವಾಗ. ಏನಾಯ್ತು, ಹೇಗಾಯ್ತು ಅಂತ ನೀವಾಗಿ ಕಥೆ ಹೇಳಲು ಹೋಗಬೇಡಿ. ಜೈಲಿನಿಂದ ಅವರು ಮಾಡುವ ಕರೆಗಳೂ ರೆಕಾರ್ಡ್ ಆಗುತ್ತವೆ. ಹಡ್ಸ್‌ಪೆತ್‌ನಂಥ ಕಡೆ ಗಡಿಯಾರದ ಲೆಕ್ಕವೂ ಬೇರೆ: ಎಲ್ ಪಾಸೋ ಮತ್ತು ಹಡ್ಸ್‌ಪೆತ್ ಕೌಂಟಿಗಳು ಉಳಿದ ಟೆಕ್ಸಾಸಿಗಿಂತ ಒಂದು ಗಂಟೆ ಹಿಂದಿವೆ.

ನಮ್ಮವರ ಹೆಸರು ಹುಡುಕುವುದು ಇನ್ನೊಂದು ಪಾಡು. ಊರು, ತಂದೆಯ ಹೆಸರು, ಇನಿಷಿಯಲ್ ಎಲ್ಲ ಸೇರಿದ ಹೆಸರನ್ನು ಅಲ್ಲಿನ ಜೈಲರ್ ಲಾಸ್ಟ್ ನೇಮ್ ಕಾಲಂನಲ್ಲಿ ಹೇಗೆ ತುಂಬಿದ್ದಾರೋ ಹೇಳಲಾಗದು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅನ್ನುವ ಅರ್ಥದಲ್ಲಿ. ರೋಸ್ಟರಿನಲ್ಲೂ ಅದೇ ಕೂತಿರಬಹುದು. ಪೂರ್ತಿ ಹೆಸರು ಟೈಪ್ ಮಾಡಿ ಸಿಗದಿದ್ದರೆ ಮೊದಲ ಮೂರ್ನಾಲ್ಕು ಅಕ್ಷರ ಮಾತ್ರ ಹಾಕಿ, ತಂದೆಯ ಹೆಸರು ಹಾಕಿ, ಊರಿನ ಹೆಸರು ಹಾಕಿ ನೋಡಿ. ಇನ್ನೂ ಒಂದು ಮಾತು. ಬುಕಿಂಗ್ ಮುಗಿಯಲು ಕೆಲವು ಗಂಟೆ ಹಿಡಿಯಬಹುದು, ಬಿಡುಗಡೆ ಆದವರ ಹೆಸರು ಪಟ್ಟಿಯಿಂದ ಹೋಗಿಬಿಡುತ್ತದೆ. ಹೆಸರು ಕಾಣಲಿಲ್ಲ ಅಂದ ಮಾತ್ರಕ್ಕೆ ಅಲ್ಲಿಲ್ಲ ಅಂತ ಅಲ್ಲ.

ಪಟ್ಟಿಯಲ್ಲಿ ಸಿಕ್ಕರೆ, ಅಲ್ಲಿನ ಚುಟುಕು ಪದಗಳು ಗಾಬರಿ ಹುಟ್ಟಿಸುತ್ತವೆ. ಡಿಡಬ್ಲ್ಯುಐ ಅಂದರೆ ಕುಡಿದು ಗಾಡಿ ಓಡಿಸಿದ ಆರೋಪ. ಎಫ್‌ಟಿಎ ಅಂದರೆ ಹಿಂದೆ ಯಾವುದೋ ಕೇಸಿಗೆ ಕೋರ್ಟಿಗೆ ಬಂದಿಲ್ಲ ಅಂತ. ಕಟ್ಟದೆ ಮರೆತ ಟ್ರಾಫಿಕ್ ಟಿಕೆಟ್ ಕೂಡ ಇದಕ್ಕೆ ಕಾರಣ ಇರಬಹುದು. ಮಿಸ್‌ಡಿಮೀನರ್ ಸಣ್ಣ ಅಪರಾಧ, ಫೆಲೊನಿ ದೊಡ್ಡದು. ಪಿಆರ್ ಬಾಂಡ್ ಅಂದರೆ ಹಣ ಕಟ್ಟದೆ ಸ್ವಂತ ಮಾತಿನ ಮೇಲೆ ಬಿಡುವುದು. ಬಾಂಡ್ ಕಾಲಂ ಖಾಲಿ ಇದ್ದರೆ ಬಹಳ ಸಲ ಅದರರ್ಥ ಜಡ್ಜ್ ಇನ್ನೂ ನೋಡಿಲ್ಲ ಅಂತ ಅಷ್ಟೆ. ಟೆಕ್ಸಾಸಿನಲ್ಲಿ ಅರೆಸ್ಟ್ ಆದ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಮುಂದೆ ಕೇಸು ಏನಾಯಿತು ಅನ್ನೋದು ಜೈಲಿನ ಪಟ್ಟಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಕೋರ್ಟಿನ ಕ್ಲರ್ಕ್ ಕಚೇರಿಯನ್ನೇ ಕೇಳಬೇಕು.

ಈ ನಡುವೆ ನಿಮಗೇ ಒಂದು ಫೋನ್ ಬರಬಹುದು. ಮಗ ಜೈಲಿನಲ್ಲಿದ್ದಾನೆ, ಬಾಂಡ್ ಹಣ ಈಗಲೇ ಕಳಿಸಿ, ಗಿಫ್ಟ್ ಕಾರ್ಡ್ ತಂದು ನಂಬರ್ ಹೇಳಿ ಅಂತ. ಬುಕಿಂಗ್ ಪಟ್ಟಿ ನೋಡಿಕೊಂಡೇ ಇಂಥ ಮೋಸಗಾರರು ಕರೆ ಮಾಡುತ್ತಾರೆ, ಆದ್ದರಿಂದ ಅವರು ಹೇಳುವ ವಿವರ ನಿಜವೇ ಇರಬಹುದು. ಫೋನ್ ಇಟ್ಟುಬಿಡಿ, ಶೆರಿಫ್ ಕಚೇರಿಯ ನಂಬರನ್ನು ನೀವೇ ಹುಡುಕಿ ಮಾತಾಡಿ.

ಇಷ್ಟೆಲ್ಲ ಯಾಕೆ ಬಹಿರಂಗ ಮಾಡುತ್ತಾರೆ? ಸರ್ಕಾರ ಯಾರನ್ನೂ ಗುಟ್ಟಾಗಿ ಹಿಡಿದಿಟ್ಟುಕೊಳ್ಳಬಾರದು, ಅದಕ್ಕೆ. ಹಿಡಿದವರ ಹೆಸರು ನಾಲ್ಕು ಜನಕ್ಕೆ ಕಂಡರೆ ಮನೆಯವರು ಬರುತ್ತಾರೆ, ವಕೀಲರು ಬರುತ್ತಾರೆ. ನಮ್ಮಲ್ಲೂ ಇದೇ ಆಶಯ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಸೆಕ್ಷನ್ ಪ್ರಕಾರ ಬಂಧಿತರ ಹೆಸರು, ವಿಳಾಸ, ಆರೋಪ ಏನೆಂಬುದನ್ನು ಪ್ರತಿ ಪೊಲೀಸ್ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಹಾಕಬೇಕು. ಬಂಧಿತರನ್ನು ಕಾಪಾಡಲು ಇರುವ ಈ ಪಟ್ಟಿಯನ್ನೇ ಅವರ ಮಾನ ಕಳೆಯಲು ಬಳಸುವುದು ನನಗೆ ಸಹಿಸಲಾಗದ ವಿಷಯ. ಖಾಸಗಿ ವೆಬ್‌ಸೈಟುಗಳು ಜೈಲಿನ ಫೋಟೊಗಳನ್ನು ಎತ್ತಿ ಹಾಕಿಕೊಂಡು, ತೆಗೆಯಬೇಕೆಂದರೆ ದುಡ್ಡು ಕೇಳುತ್ತಿದ್ದವು. ಕ್ಯಾಲಿಫೋರ್ನಿಯಾ ಹಾಗೆ ದುಡ್ಡು ಕೇಳುವುದನ್ನು 2015ರಿಂದ ನಿಷೇಧಿಸಿದೆ. ಯೂಟಾ ರಾಜ್ಯ 2021ರಲ್ಲಿ ಕಾನೂನು ತಂದು, ಅಪರಾಧ ಸಾಬೀತಾಗುವ ತನಕ ಜೈಲಿನವರು ಫೋಟೊ ಹೊರಗೆ ಬಿಡುವುದಕ್ಕೇ ಕಡಿವಾಣ ಹಾಕಿತು. ಕೇಸು ಬಿದ್ದುಹೋದರೆ ಟೆಕ್ಸಾಸಿನಲ್ಲಿ ಎಕ್ಸ್‌ಪಂಕ್ಷನ್ ಎಂಬ ಅರ್ಜಿ ಹಾಕಿ ಸರ್ಕಾರಿ ದಾಖಲೆಯನ್ನೇ ಅಳಿಸಿಸಬಹುದು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ ಸ್ಕ್ರೀನ್‌ಶಾಟ್ ಅಳಿಸಲು ಯಾವ ಕೋರ್ಟಿಗೂ ಆಗುವುದಿಲ್ಲ. ದಯವಿಟ್ಟು ಅದನ್ನು ಮುಂದೆ ಕಳಿಸಬೇಡಿ.

ವೀಸಾದಲ್ಲಿ ಇರುವವರಿಗೆ ಬುಕಿಂಗ್ ಇನ್ನೂ ಭಾರ. ಜೈಲಿನಲ್ಲಿ ತೆಗೆದ ಬೆರಳಚ್ಚು ಎಫ್‌ಬಿಐ ಮೂಲಕ ವಲಸೆ ಇಲಾಖೆಗೂ ತಲುಪುತ್ತದೆ. ಕುಡಿದು ಗಾಡಿ ಓಡಿಸಿದ ಆರೋಪದ ಮೇಲೆ ಅರೆಸ್ಟ್ ಆದರೆ ತೀರ್ಪು ಬರುವ ಮೊದಲೇ ವೀಸಾ ರದ್ದಾಗಬಹುದು. ಆದ್ದರಿಂದ ಕ್ರಿಮಿನಲ್ ವಕೀಲರ ಜೊತೆಗೆ ವಲಸೆ ವಕೀಲರನ್ನೂ ಮೊದಲ ದಿನವೇ ಮಾತಾಡಿಸಿ. ರೋಸ್ಟರಿನಲ್ಲಿ ಐಸ್ ಡಿಟೇನರ್ ಅಥವಾ ಐಸ್ ಹೋಲ್ಡ್ ಎಂದು ಕಂಡರೆ (ಐಸ್ ಅಂದರೆ ಅಮೆರಿಕದ ವಲಸೆ ಕಾನೂನು ಜಾರಿ ಇಲಾಖೆ), ಬಿಡುವ ಹೊತ್ತಿಗೆ ಇನ್ನೂ 48 ಗಂಟೆ ತನಕ ಇಟ್ಟುಕೊಂಡು ನಮಗೆ ಒಪ್ಪಿಸಿ ಎಂದು ವಲಸೆ ಇಲಾಖೆ ಜೈಲನ್ನು ಕೇಳಿದೆ ಎಂದರ್ಥ. ಅಲ್ಲಿಂದ ಹೆಸರು ಮಾಯವಾದರೆ ಐಸ್‌ನವರದೇ ಬೇರೆ ಹುಡುಕಾಟದ ಪುಟ ಇದೆ. ಹೆಸರು ಮತ್ತು ಹುಟ್ಟಿದ ದೇಶ ಹಾಕಿದರೆ ಎಲ್ಲಿಟ್ಟಿದ್ದಾರೆ ಅಂತ ತೋರಿಸುತ್ತದೆ. 1963ರ ವಿಯೆನ್ನಾ ಒಪ್ಪಂದದ ಪ್ರಕಾರ, ಬಂಧನದಲ್ಲಿರುವ ವಿದೇಶಿಯರು ತಮ್ಮ ದೇಶದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳಬಹುದು. ಭಾರತೀಯರ ವಿಷಯದಲ್ಲಿ ಕೇಳದೆ ಅವರಾಗಿ ತಿಳಿಸಬೇಕಿಲ್ಲ. ಆದ್ದರಿಂದ ಒಳಗಿರುವವರು ಬಾಯಿಬಿಟ್ಟು ಕೇಳಬೇಕು. ಹೊರಗಿರುವ ಮನೆಯವರು ನೇರವಾಗಿ ಫೋನ್ ಮಾಡಬಹುದು. ಟೆಕ್ಸಾಸಿಗೆ ಹ್ಯೂಸ್ಟನ್‌ನಲ್ಲಿರುವ ಭಾರತೀಯ ಕಾನ್ಸುಲೇಟ್.