ಅಡ್ಡಕೊಯ್ತದಿಂದ ಘನಫಲ: ಅನುಕಲನಕ್ಕೆ ಮೊದಲು ಬಾಹು

ಘನವನ್ನು ಹೋಳುಗಳಾಗಿ ಕೊಯ್ದು, ಹೋಳುಗಳ ವಿಸ್ತೀರ್ಣವನ್ನು ಅನುಕಲಿಸಿ ಘನಫಲ ಪಡೆಯುವ ಈ ಪಾಠದಲ್ಲಿ ಅನುಕಲನ ಸುಲಭ. ವಿದ್ಯಾರ್ಥಿಗಳು ಎಡವುವುದು ಅದಕ್ಕೂ ಮುಂಚೆ, ತಳದ ಮೇಲೆ ಕೂತ ಬಾಹುವಿನ ಉದ್ದ ಬರೆಯುವಾಗ. ನಮ್ಮ ದ್ವಿತೀಯ ಪಿಯುಸಿ ಪಠ್ಯ ವಿಸ್ತೀರ್ಣಕ್ಕೇ ನಿಲ್ಲುತ್ತದೆ. ಅಮೆರಿಕದ ಪ್ರೌಢಶಾಲಾ ವಿದ್ಯಾರ್ಥಿಗಳು ಬರೆಯುವ ಕಾಲೇಜು ಮಟ್ಟದ ಪರೀಕ್ಷೆ ಎಪಿ ಕ್ಯಾಲ್ಕುಲಸ್ ಘನಫಲವನ್ನೂ ಕೇಳುತ್ತದೆ. ವಿಸ್ತೀರ್ಣ ಬಲ್ಲವರಿಗೆ ಇದು ಒಂದೇ ಹೆಜ್ಜೆ ಮುಂದೆ.

ತಳ ಹೀಗಿರಲಿ: ವೈ = √ಎಕ್ಸ್ ವಕ್ರರೇಖೆ, ಎಕ್ಸ್-ಅಕ್ಷ, ಎಕ್ಸ್ = 4 ರೇಖೆ ಇವುಗಳ ನಡುವಿನ ಜಾಗ. ಅದನ್ನು ಮೇಜಿನ ಮೇಲೆ ಮಲಗಿಸಿದ ಕಾಗದ ಎಂದುಕೊಳ್ಳಿ. ಎಕ್ಸ್-ಅಕ್ಷಕ್ಕೆ ಲಂಬವಾಗಿ ಎಲ್ಲಿ ಕೊಯ್ದರೂ ಚೌಕ ಸಿಗಬೇಕು. ಕಾಗದದ ಮೇಲೆ ಆ ಜಾಗದಲ್ಲಿ ಒಂದು ಗೆರೆ ಎಳೆಯಿರಿ, ಉದ್ದ √ಎಕ್ಸ್. ಆ ಗೆರೆಯೇ ಚೌಕದ ಕೆಳಗಿನ ಬಾಹು, ಚೌಕ ಅದರ ಮೇಲೆ ಎದ್ದು ನಿಲ್ಲುತ್ತದೆ. ಅದರ ವಿಸ್ತೀರ್ಣ ಎಕ್ಸ್. ಇದನ್ನು 0ಯಿಂದ 4ರವರೆಗೆ ಅನುಕಲಿಸಿದರೆ ಘನಫಲ 8.

ಎದ್ದು ನಿಲ್ಲುವುದು ಬೋರ್ಡಿನ ಮೇಲೆ ಕಾಣುವುದಿಲ್ಲ. ಹಾಗಾಗಿ ಒಮ್ಮೆಯಾದರೂ ಮಾದರಿ ಮಾಡಲೇಬೇಕು. ಒಂದು ಮಾನಕ್ಕೆ 4 ಸೆಂ.ಮೀ. ಇಟ್ಟು 16 ಸೆಂ.ಮೀ. ಉದ್ದದ ತಳ ಬರೆಯಿರಿ. 2 ಸೆಂ.ಮೀ. ದಪ್ಪದ ಥರ್ಮೋಕೋಲಿನಲ್ಲಿ 8 ಚೌಕ ಕತ್ತರಿಸಿ. ಬಾಹುಗಳು 2, 3.5, 4.5, 5.3, 6, 6.6, 7.2, 7.7 ಸೆಂ.ಮೀ. ಇವು ಪ್ರತಿ ಹೋಳಿನ ನಟ್ಟನಡುವಿನ ಅಳತೆಗಳು. ದುಂಡಾಗಿಸದ ಅಳತೆ ಹಿಡಿದರೆ ಹೋಳುಗಳ ಮೊತ್ತ 512 ಘನ ಸೆಂ.ಮೀ., ಅಂದರೆ 8 × 64 (ಒಂದು ಘನಮಾನಕ್ಕೆ 4 × 4 × 4 = 64 ಘನ ಸೆಂ.ಮೀ.). ಇಲ್ಲಿ ವಿಸ್ತೀರ್ಣ ಎಕ್ಸ್ ಜೊತೆ ಸಮನಾಗಿ ಏರುವುದರಿಂದ ನಡುವಿನ ಅಳತೆಯೇ ನಿಖರ ಉತ್ತರ ಕೊಡುತ್ತದೆ. ಹೋಳಿನ ಬಲ ಅಂಚಿನ ಅಳತೆ ಹಿಡಿದರೆ 576 ಬರುತ್ತದೆ. ಹೋಳು ತೆಳುವಾದಷ್ಟೂ ಈ ವ್ಯತ್ಯಾಸ ಕರಗುತ್ತದೆ.

ತಳ ಅದೇ ಇರಲಿ, ಆಕಾರ ಬದಲಾಗಲಿ. ಬಾಹುವಿನ ವರ್ಗಕ್ಕೆ ಒಂದು ಸ್ಥಿರಾಂಕ ಗುಣಿಸಿದರೆ ಸಾಕು: ಸಮಬಾಹು ತ್ರಿಭುಜಕ್ಕೆ √3/4, ಅರ್ಧವೃತ್ತಕ್ಕೆ ಪೈ/8. ಘನಫಲಗಳು ಕ್ರಮವಾಗಿ 2√3 ಮತ್ತು ಪೈ. ಅರ್ಧವೃತ್ತದಲ್ಲಿ ತಳದ ಗೆರೆ ವ್ಯಾಸ, ತ್ರಿಜ್ಯವಲ್ಲ. ಇದನ್ನು ಮರೆತು ಪೈ/2 ಬರೆದವರ ಉತ್ತರ ನಾಲ್ಕು ಪಟ್ಟು ಹಿಗ್ಗುತ್ತದೆ. ಸಮದ್ವಿಬಾಹು ಲಂಬಕೋನ ತ್ರಿಭುಜವಾದರೆ ತಳದ ಮೇಲಿರುವುದು ಲಂಬಬಾಹುವೋ ವಿಕರ್ಣವೋ ಎಂದು ಪ್ರಶ್ನೆಯನ್ನು ಮತ್ತೆ ಓದಿ: ಮೊದಲನೆಯದಕ್ಕೆ 4, ಎರಡನೆಯದಕ್ಕೆ 2.

ಕೊಯ್ತ ವೈ-ಅಕ್ಷಕ್ಕೆ ಲಂಬವಾದರೆ ಗೆರೆ ಅಡ್ಡಡ್ಡ ಮಲಗುತ್ತದೆ. ಅದು ವಕ್ರರೇಖೆಯಿಂದ ಎಕ್ಸ್ = 4ರವರೆಗೆ ಹೋಗುವುದರಿಂದ ಉದ್ದ 4 − ವೈ², ಮಿತಿ 0ಯಿಂದ 2. ಚೌಕಗಳಾದರೆ ಘನಫಲ 256/15, ಸುಮಾರು 17.07. ತಳ ಒಂದೇ ಆದರೂ ಘನ ಬೇರೆಯೇ. ಬಾಹುವನ್ನು ವೈ² ಎಂದು ಬರೆಯುವವರು ವಕ್ರರೇಖೆಯ ಇನ್ನೊಂದು ಬದಿಯ ಜಾಗವನ್ನು ಅಳೆದಿರುತ್ತಾರೆ.

ಎರಡು ವಕ್ರರೇಖೆಗಳ ನಡುವಿನ ತಳದಲ್ಲಿ ಆಗುವ ತಪ್ಪು ಎಲ್ಲಕ್ಕಿಂತ ಹಠಮಾರಿ. ವೈ = ಎಕ್ಸ್, ವೈ = ಎಕ್ಸ್² ನಡುವಿನ ಜಾಗದ ಮೇಲೆ ಚೌಕಗಳಿದ್ದರೆ ಮೊದಲು ಕಳೆಯಿರಿ, ಆಮೇಲೆ ವರ್ಗ ಮಾಡಿ: (ಎಕ್ಸ್ − ಎಕ್ಸ್²)², ಉತ್ತರ 1/30. ವರ್ಗ ಮಾಡಿ ಕಳೆದರೆ 2/15. ಅದು ತಳವನ್ನು ಅಕ್ಷದ ಸುತ್ತ ತಿರುಗಿಸಿ ಪಡೆದ ಘನದ ನಡುವಿನ ತೂತು ಕಳೆಯುವ ವಿಧಾನ; ಇಲ್ಲಿ ತೂತೂ ಇಲ್ಲ, ತಿರುಗಿಸುವುದೂ ಇಲ್ಲ.

ತ್ರಿಜ್ಯ 3ರ ವೃತ್ತವೇ ತಳವಾದರೆ ಬಾಹು ಪೂರ್ತಿ ಜ್ಯಾ, 2√(9 − ಎಕ್ಸ್²). ಚೌಕಗಳಿಗೆ ಘನಫಲ 144. ಆ 2 ಬಿಟ್ಟರೆ 36. ಇದನ್ನು ಹಿಡಿಯಲು ಒಂದು ತಾಳೆ ಇದೆ. ಪ್ರತಿ ಚೌಕದೊಳಗೂ ಅದೇ ಜ್ಯಾ ವ್ಯಾಸವಾಗಿರುವ ವೃತ್ತ ಕೂರುತ್ತದೆ, ಅದು ತ್ರಿಜ್ಯ 3ರ ಗೋಳದ ಅಡ್ಡಕೊಯ್ತ. ಗೋಳದ ಘನಫಲ 36 ಪೈ, ಸುಮಾರು 113. ನಮ್ಮ ಘನ ಅದಕ್ಕಿಂತ ದೊಡ್ಡದಿರಲೇಬೇಕು.