ಡ್ರಮ್ಸೇ ಇಲ್ಲ, ‘ಟಕ್ ಟಕ್’ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಬ್ಲೂಗ್ರಾಸ್-ರಾಕ್ ಬ್ಯಾಂಡ್ ಒಂದರ ಆಲ್ಬಮ್ ಕೇಳಿದೆ. ಸ್ನೇರ್ ಡ್ರಮ್ ಹೊಡೆದ ಹಾಗೆ ‘ಟಕ್ ಟಕ್’ ಸದ್ದು ಉದ್ದಕ್ಕೂ ಇದೆ, ಆದರೆ ಕಲಾವಿದರ ಪಟ್ಟಿಯಲ್ಲಿ ಡ್ರಮ್ಮರ್ ಹೆಸರೇ ಇಲ್ಲ. ಯಾರು ನುಡಿಸುತ್ತಿದ್ದಾರೆ? ನನ್ನ ಹತ್ತಿರ ಮ್ಯಾಂಡೊಲಿನ್ ಇದೆ, ನಾನೂ ಕಲಿಯಬಹುದೇ?

ಆ ಸದ್ದು ಬಹುಮಟ್ಟಿಗೆ ಮ್ಯಾಂಡೊಲಿನ್ನಿನದೇ. ಅದಕ್ಕೆ ‘ಚಾಪ್’ ಎನ್ನುತ್ತಾರೆ. ನಮ್ಮ ಹಳೆಯ ಚಿತ್ರಗೀತೆಗಳಲ್ಲಿ ಮ್ಯಾಂಡೊಲಿನ್ ಎಂದರೆ ಒಂದೇ ಸ್ವರವನ್ನು ಬಿರುಸಾಗಿ ಮೀಟಿ ಉದ್ದಕ್ಕೆ ಎಳೆಯುವ ನಾದ. ಚಾಪ್ ಇದಕ್ಕೆ ತೀರಾ ವಿರುದ್ಧ: ಸ್ವರ ಹುಟ್ಟಿದ ಕೂಡಲೇ ಅದನ್ನು ಅದುಮಿಬಿಡಬೇಕು. ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತವಾದ ಬ್ಲೂಗ್ರಾಸ್‌ನ ಜನಕ, ಕೆಂಟಕಿಯ ಬಿಲ್ ಮನ್ರೋ ಇದನ್ನು ಆ ಸಂಗೀತದ ಬೆನ್ನೆಲುಬಾಗಿಸಿದರು.

ನಾಲ್ಕು ಎಣಿಸಿ. ಒಂದು ಮತ್ತು ಮೂರಕ್ಕೆ, ನೆಟ್ಟಗೆ ನಿಲ್ಲಿಸಿಕೊಂಡು ನುಡಿಸುವ ದೊಡ್ಡ ತಂತಿವಾದ್ಯ ಬೇಸ್‌ನ ‘ಧುಂ’, ಎರಡು ಮತ್ತು ನಾಲ್ಕಕ್ಕೆ ಮ್ಯಾಂಡೊಲಿನ್ನಿನ ‘ಟಕ್’. ರಾಕ್‌ನಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮತ್ತು ಸ್ನೇರ್ ಹಂಚಿಕೊಳ್ಳುವ ಕೆಲಸವೂ ಇದೇ. ನಡುವಿನ ಜಾಗವನ್ನು ಬ್ಯಾಂಜೊ ಎಂಬ ತಂತಿವಾದ್ಯ ತುಂಬುತ್ತದೆ. ನಾಲ್ಕು ಎಣಿಕೆಗೆ ಎಂಟು ಸ್ವರ, ಮೂರು ಬೆರಳಲ್ಲಿ ಉರುಳುರುಳಾಗಿ. ಅದರಲ್ಲೂ ಎಂಟನ್ನು 3+3+2 ಎಂದು ಒಡೆಯುವ ಉರುಳು ಚಾಪ್‌ಗೆ ಅಡ್ಡಲಾಗಿ ಬಿದ್ದು ಹಾಡನ್ನು ಮುಂದಕ್ಕೆ ನೂಕುತ್ತದೆ. ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಬ್ಯಾಂಡಿನ ಜೆರ್ರಿ ಗಾರ್ಸಿಯಾ ಬ್ಯಾಂಜೊ ಹಿಡಿದ ‘ಓಲ್ಡ್ ಅಂಡ್ ಇನ್ ದ ವೇ’ ಆಲ್ಬಮ್ ಕೇಳಿ ನೋಡಿ. 1973ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಭಿಕರೆದುರೇ ಮುದ್ರಿಸಿ 1975ರಲ್ಲಿ ಬಿಡುಗಡೆ ಮಾಡಿದ್ದು. ಐದೇ ವಾದ್ಯ, ಡ್ರಮ್ಸ್ ಇಲ್ಲ. ಡೇವಿಡ್ ಗ್ರಿಸ್ಮನ್‌ರ ಮ್ಯಾಂಡೊಲಿನ್ ಮೇಲೆ ಕಿವಿಯಿಟ್ಟರೆ ಎಲ್ಲ ಸ್ಪಷ್ಟವಾಗುತ್ತದೆ.

ಇನ್ನು ನುಡಿಸುವ ಬಗೆ. ದಪ್ಪ ತಂತಿಯಿಂದ ಸಣ್ಣದರ ಕಡೆಗೆ ಜಿ, ಡಿ, ಎ, ಇ ಶ್ರುತಿ. ಪ್ರತಿಯೊಂದೂ ಜೋಡಿ ತಂತಿ. ಜಿ ಕಾರ್ಡ್‌ಗೆ (ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಅದೇ ಕ್ರಮದಲ್ಲಿ 7, 5, 2, 3ನೇ ಫ್ರೆಟ್, ಅಂದರೆ ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ: ಕಿರುಬೆರಳು 7ಕ್ಕೆ, ಉಂಗುರದ ಬೆರಳು 5ಕ್ಕೆ, ತೋರುಬೆರಳು 2ಕ್ಕೆ, ನಡುಬೆರಳು 3ಕ್ಕೆ. ಬೆರಳು ಎಟುಕದಿದ್ದರೆ ನಡುಬೆರಳು ಬಿಟ್ಟುಬಿಡಿ, ತೋರುಬೆರಳನ್ನು ಕೊಂಚ ವಾಲಿಸಿ ಕೊನೆಯ ಜೋಡಿಗೆ ತಾಗಿಸಿ ಸುಮ್ಮನಾಗಿಸಿ. ಚಾಪ್‌ನ ದಿಮ್ಮಿಯಂಥ ಸದ್ದು ಇರುವುದು ದಪ್ಪ ತಂತಿಗಳಲ್ಲೇ. ಸಿ ಕಾರ್ಡ್‌ಗೆ ದಪ್ಪ ಕಡೆಯಿಂದ ಮೊದಲ ಮೂರು ಜೋಡಿಯಲ್ಲಿ 5, 2, 3. ಡಿ ಕಾರ್ಡ್‌ಗೆ 7, 4, 5. ಈ ಮೂರರಲ್ಲೇ ಬೇಕಾದಷ್ಟು ಹಾಡುಗಳಿಗೆ ಜೊತೆ ಕೊಡಬಹುದು.

ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಸುಮಾರು 1.5 ಮಿಲಿಮೀಟರ್ ದಪ್ಪ ಇರಲಿ. ತೆಳು ಪಿಕ್ ಬಳುಕಿ ‘ಚಟ್’ ಎನ್ನುತ್ತದೆಯೇ ಹೊರತು ‘ಟಕ್’ ಬರುವುದಿಲ್ಲ.

ಎಲ್ಲ ಗುಟ್ಟೂ ಎಡಗೈಯಲ್ಲಿದೆ. ಪಿಕ್ ತಂತಿ ದಾಟಿದ ತಕ್ಷಣ ಬೆರಳುಗಳ ಒತ್ತಡ ಮಾತ್ರ ಬಿಡಬೇಕು, ಬೆರಳು ತಂತಿಯಿಂದ ಮೇಲೇಳಬಾರದು. ಮೇಲೆದ್ದರೆ ಬಿಡಿ ತಂತಿಗಳು ಗುಂಯ್ ಎಂದು ಬೀಟ್ ರಾಡಿಯಾಗುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಇದೇ ಕಾರಣಕ್ಕೆ ಬಿಡಿ ತಂತಿ ಸೇರುವ ಸುಲಭದ ಕಾರ್ಡ್‌ಗಳು ಚಾಪ್‌ಗೆ ಒದಗುವುದಿಲ್ಲ: ಬೆರಳೇ ಇಲ್ಲದ ತಂತಿಯನ್ನು ಅದುಮುವವರು ಯಾರು? ಮೊದಲಿಂದಲೇ ಸಡಿಲ ಹಿಡಿದರೆ ಬರೀ ಕೊರಡು ಸದ್ದು, ಕಾರ್ಡ್ ಯಾವುದೆಂದು ಹಾಡುವವರಿಗೆ ತಿಳಿಯದು. ಕ್ಷಣಮಾತ್ರ ಸ್ವರ ಕೇಳಿಸಲೇಬೇಕು.

ಎರಡನೆಯ ತೊಂದರೆ ಅವಸರದ್ದು. ಒಂದು ಮತ್ತು ಮೂರಕ್ಕೆ ಬಲಗೈ ಸುಮ್ಮನೆ ನಿಂತರೆ ಮುಂದಿನ ಪೆಟ್ಟು ಬೇಗ ಬೀಳುತ್ತದೆ. ಪ್ರತಿ ಎಣಿಕೆಗೂ ಕೈ ಇಳಿಯುತ್ತಿರಲಿ: ಒಂದು, ಮೂರಕ್ಕೆ ದಪ್ಪ ತಂತಿಯನ್ನು ಸವರಿದಂತೆ, ಎರಡು, ನಾಲ್ಕಕ್ಕೆ ಪೂರ್ಣ ಪೆಟ್ಟು.

ಮ್ಯಾಂಡೊಲಿನ್‌ನವರೇ ಸೋಲೊ ಶುರುಮಾಡಿದಾಗ ಚಾಪ್ ನಿಲ್ಲುತ್ತದೆ. ಆಗ ಬ್ಯಾಂಜೊ ಅಥವಾ ಪಿಟೀಲು ಆ ಕೆಲಸ ವಹಿಸಿಕೊಳ್ಳುತ್ತದೆ. ಪಿಟೀಲಿನಲ್ಲಿ ಬಿಲ್ಲನ್ನು ಹಿಡಿಯ ಹತ್ತಿರದ ಭಾಗದಿಂದ ತಂತಿಯ ಮೇಲೆ ಬೀಳಿಸಿ ಒರಟು ಸದ್ದು ತೆಗೆಯುತ್ತಾರೆ. 1960ರ ದಶಕದಲ್ಲಿ ಮನ್ರೋ ಬ್ಯಾಂಡಿನಲ್ಲಿದ್ದ ರಿಚರ್ಡ್ ಗ್ರೀನ್ ಇದನ್ನು ರೂಢಿಗೆ ತಂದವರು.

ಅಭ್ಯಾಸಕ್ಕೆ, ಒಂದೇ ಲಯದಲ್ಲಿ ಕ್ಲಿಕ್ ಕೊಡುವ ಮೆಟ್ರೊನೋಮನ್ನು ನಿಮಿಷಕ್ಕೆ 50ಕ್ಕೆ ಇಟ್ಟು, ಅದರ ಕ್ಲಿಕ್‌ಗಳನ್ನು ಎರಡು ಮತ್ತು ನಾಲ್ಕು ಎಂದು ಭಾವಿಸಿ. ಎಣಿಕೆ ನಿಮಿಷಕ್ಕೆ 100 ಆಗುತ್ತದೆ. ನಿಮ್ಮ ‘ಟಕ್’ ಅಡಿಯಲ್ಲಿ ಕ್ಲಿಕ್ ಮುಚ್ಚಿಹೋಗಿ ಕೇಳಿಸದಂತಾದರೆ ಪೆಟ್ಟು ಸರಿಯಾಗಿ ಕೂತಿದೆ. ಆಮೇಲೆ 5ರಂತೆ ಏರಿಸುತ್ತ ಹೋಗಿ.